ಪಲ್ಪಿಂಗ್ ಹೊಂಡದ ಲೆಕ್ಕ

ಸೋಮವಾರಪೇಟೆ ಕಡೆಯ ಕಾಫಿ ತೋಟದಲ್ಲಿ, ಹಣ್ಣಿನ ಸಿಪ್ಪೆ ಸುಲಿದ (ಪಲ್ಪಿಂಗ್) ನೀರು ನಿಲ್ಲುವ ಹೊಂಡದಲ್ಲಿ ಬಿಒಡಿ (ಕೊಳೆ ಕರಗಿಸಲು ಬ್ಯಾಕ್ಟೀರಿಯಾಗೆ ಬೇಕಾದ ಆಮ್ಲಜನಕ, ಅಂದರೆ ಕೊಳೆಯ ಅಳತೆ) ಲೀಟರಿಗೆ 3000ದಿಂದ 8 ದಿನಕ್ಕೆ 600 ಮಿಲಿಗ್ರಾಂಗೆ ಇಳಿದಿದೆ, ದಿನಕ್ಕೆ 300 ಅಂತ ಬರೆಯಬಹುದಾ ಎಂದು ಕೇಳಿದ್ದೀರಿ. ಬೇಡ. ಕೊಳೆ ಜಾಸ್ತಿ ಇದ್ದಾಗ ಜೋರಾಗಿ ಕರಗುತ್ತದೆ, ಕಡಿಮೆಯಾದಂತೆ ನಿಧಾನವಾಗುತ್ತದೆ.

ಒಮ್ಮೆ ತುಂಬಿಸಿ ಮುಚ್ಚಿಟ್ಟ ಹೊಂಡವಾದರೆ 3000ವನ್ನು 600ರಿಂದ ಭಾಗಿಸಿ. 5 ಬರುತ್ತದೆ. ಅದರ ನ್ಯಾಚುರಲ್ ಲಾಗ್ (ಕ್ಯಾಲ್ಕುಲೇಟರಿನ ln ಗುಂಡಿ) 1.61. ಅದನ್ನು 8ರಿಂದ ಭಾಗಿಸಿದರೆ ದಿನಕ್ಕೆ 0.2, ಇದೇ ಕೊಳೆ ಕರಗುವ ವೇಗ. ಇದೇ ವೇಗದಲ್ಲಿ 100ಕ್ಕೆ ಇಳಿಯಲು ಮೊದಲ ದಿನದಿಂದ ಸುಮಾರು 17 ದಿನ ಬೇಕು. ನೀರು ದಿನಾ ಬಂದು ಹೋಗುತ್ತಾ, ಚೆನ್ನಾಗಿ ಬೆರೆಯುವ ಹೊಂಡವಾದರೆ ಸೂತ್ರವೇ ಬೇರೆ: 5ರಲ್ಲಿ 1 ಕಳೆದು, ನೀರು ನಿಲ್ಲುವ ದಿನಗಳಿಂದ ಭಾಗಿಸಿ. 8 ದಿನವಾದರೆ 0.5. ಯಾವ ಹೊಂಡ ಅಂತ ನೀವು ಹೇಳಿಲ್ಲ, ಅಲ್ವಾ? ಅದನ್ನು ಮೊದಲು ನೋಡಿ.

ಇನ್ನು ಚಳಿ. ನಿಮ್ಮ 0.2 ನೀರು 20 ಡಿಗ್ರಿ ಇದ್ದಾಗಿನದಾದರೆ, 15 ಡಿಗ್ರಿಗೆ ಸುಮಾರು 0.16 ಆಗುತ್ತದೆ. ಆಗ 17 ದಿನ 21 ಆಗುತ್ತದೆ. ಅರೇಬಿಕಾ ಪಲ್ಪಿಂಗ್ ನಡೆಯುವುದೇ ಚಳಿಯಲ್ಲಿ, ಹಾಗಾಗಿ ನೀರಿನ ಉಷ್ಣತೆ ದಿನಾ ಬರೆದಿಡಿ.

ಹೊಂಡದ ದಡದಲ್ಲಿ ಹುಳಿ ವಾಸನೆ, ಮೇಲೆ ಕಂದು ನೊರೆ ಇದ್ದರೆ ಪಿಎಚ್ (ನೀರಿನ ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ನೋಡಿ. 4ರ ಆಸುಪಾಸಿದ್ದರೆ ಬ್ಯಾಕ್ಟೀರಿಯಾ ಸರಿಯಾಗಿ ಕೆಲಸ ಮಾಡುವುದಿಲ್ಲ. ಸುಣ್ಣ ಹಾಕಿ 7ರ ಹತ್ತಿರ ತಂದು ಮತ್ತೆ ಅಳೆಯಿರಿ. ಮಳೆ ನೀರು ಬೆರೆತರೂ ಬಿಒಡಿ ಇಳಿದಂತೆ ಕಾಣುತ್ತದೆ, ನೀರಿನ ಮಟ್ಟಕ್ಕೆ ಒಂದು ಕೋಲು ನೆಟ್ಟು ಗುರುತು ಹಾಕಿಕೊಳ್ಳಿ.