ಮಾವನ ಗುಳಿಗೆ, ಸೊಸೆಯ ಬೆರಳು

ಈ ಪ್ರಕರಣ ಬರೆಯಲು ಕಾರಣ ನಾನೇ ಮಾಡಿದ ಒಂದು ತಪ್ಪು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಕಲಬುರಗಿಯಲ್ಲಿ ಕ್ಯಾನ್ಸರ್ ರೋಗಿಗಳ ಜೊತೆ, ಅವರ ಮನೆಯವರ ಜೊತೆ ಮಾತಾಡುವುದು ನನ್ನ ಕೆಲಸ. ಈ ಪ್ರಕರಣದ ರೋಗಿ ಅರವತ್ತು ದಾಟಿದ ತೊಗರಿ ರೈತರು. ಬೆನ್ನುನೋವಿಗೆ ಊರಲ್ಲೇ ಸೂಜಿ ಮಾಡಿಸಿಕೊಂಡು ತಿಂಗಳುಗಟ್ಟಲೆ ದೂಡಿದ್ದರು. ಕೊನೆಗೆ ಮಲ್ಟಿಪಲ್ ಮೈಲೋಮಾ ಎಂದು ಗೊತ್ತಾಯಿತು. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಲೆನಾಲಿಡೊಮೈಡ್ ಕ್ಯಾಪ್ಸೂಲ್ ಶುರುವಾಯಿತು: ದಿನಕ್ಕೊಂದರಂತೆ 21 ದಿನ, ಆಮೇಲೆ 7 ದಿನ ಬಿಡುವು. ಜೊತೆಗೆ ವಾರಕ್ಕೊಮ್ಮೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್.

ಎರಡನೇ ತಿಂಗಳಿಗೆ ಸಕ್ಕರೆ ಜಾಸ್ತಿ ಬಂತು. ಡೆಕ್ಸಾದಿಂದ ಹಾಗಾಗುವುದುಂಟು. ಊಟದ ಬಗ್ಗೆ ವಿಚಾರಿಸಿ ಎಂದು ಡಾಕ್ಟರು ನನ್ನ ಹತ್ತಿರ ಕಳಿಸಿದರು. ರೋಗಿ, ಹೆಂಡತಿ, ಸೊಸೆ ಮೂವರೂ ಬಂದು ಕೂತರು.

ಸೊಸೆ ಚೀಲದಿಂದ ಕ್ಯಾಲೆಂಡರ್ ತೆಗೆದಳು. ಗೋಡೆಗೆ ಹಾಕುವ ದೊಡ್ಡದು, ಮೊಳೆಯ ತೂತು ಹರಿದಿತ್ತು. 21 ದಿನಕ್ಕೂ ಹಸಿರು ಪೆನ್ನಿನ ಗುರುತು, 7 ದಿನ ಖಾಲಿ. ಗುರುವಾರಗಳಿಗೆ ಸುತ್ತು ಹಾಕಿ 'ಡೆಕ್ಸಾ, ನಾಷ್ಟಾ ಆದಮೇಲೆ' ಎಂದು ಬರೆದಿದ್ದಳು. ಇಷ್ಟು ಅಚ್ಚುಕಟ್ಟಾಗಿ ಇಟ್ಟವರನ್ನು ನಾನು ಕಂಡಿದ್ದೇ ಕಡಿಮೆ. ಮನೆಯಲ್ಲಿ ಹತ್ತನೇ ಕ್ಲಾಸು ಓದಿದವಳು ಅವಳೊಬ್ಬಳೇ. ಹಾಗಾಗಿ ಔಷಧಿ ಪೂರ್ತಿ ಅವಳ ಪಾಲಿಗೆ ಬಂದಿತ್ತು.

ಸಿಹಿ ಏನು ತಿನ್ನುತ್ತಾರೆ ಎಂದು ಕೇಳಿದೆ. ಏನೂ ಇಲ್ಲ ಅಂದರು. ಚಹಾಕ್ಕೂ ಸಕ್ಕರೆ ಇಲ್ಲವಂತೆ. ಆಮೇಲೆ ಸೊಸೆಯೇ ನೆನಪು ಮಾಡಿಕೊಂಡು, "ಗುಳಿಗಿಗಿ ಅಷ್ಟೇ ಬೆಲ್ಲದ ನೀರು ಮಾಡ್ತೀನ್ರಿ" ಅಂದಳು.

"ಗುಳಿಗೆಗೆ ಬೆಲ್ಲ ಯಾಕಮ್ಮಾ?"

"ಮಾಮಾಗ ನುಂಗ್ಲಾಕ ಬರಲ್ರಿ, ಗಂಟಲಿಗಿ ಹತ್ತತದ. ನಾನೇ ಬಿಚ್ಚಿ ಪುಡಿ ನೀರಾಗ ಕಲಸಿ ಕೊಡ್ತೀನ್ರಿ." ಹೆಬ್ಬೆರಳು ತೋರುಬೆರಳು ಉಜ್ಜಿ ತೋರಿಸಿದಳು. "ಬೆರಳಿಗಿ ಹತ್ತಿದ್ದೂ ಬಟ್ಟಲಿಗಿ ಒರಸ್ತೀನ್ರಿ. ತುಟ್ಟಿ ಗುಳಿಗಿ ಅಲ್ರಿ, ದಂಡ ಆಗಬಾರದು."

ಅತ್ತೆ ಹೆಮ್ಮೆಯಿಂದ ತಲೆ ಆಡಿಸಿದರು. ನಾನು ಸೊಸೆಯ ಮುಖ ನೋಡಿದೆ. ಅತ್ತೆ ಮಾವನಿಗೆ ಚಹಾ ಕುಡಿದು ಬನ್ನಿ ಎಂದು ಹೊರಗೆ ಕಳಿಸಿ, ಮುಟ್ಟು ಯಾವಾಗ ಆಗಿದ್ದು ಎಂದು ಅವಳನ್ನು ಕೇಳಿದೆ.

"ಮೂರು ತಿಂಗಳ ನಡದಾವ್ರಿ" ಅಂದಳು.

ಲೆನಾಲಿಡೊಮೈಡ್ ಥಾಲಿಡೊಮೈಡ್‌ನ ಮನೆತನದ್ದು. 1957ರಲ್ಲಿ ಜರ್ಮನಿಯಲ್ಲಿ ನಿದ್ದೆಗೆಂದು ಮಾರಾಟಕ್ಕೆ ಬಂದ ಥಾಲಿಡೊಮೈಡ್ ಅನ್ನು ಬಸುರಿಯರು ವಾಂತಿ ನಿಲ್ಲಲೆಂದೂ ನುಂಗಿದರು. 1961ರಲ್ಲಿ ಅದನ್ನು ಹಿಂದಕ್ಕೆ ಪಡೆಯುವಷ್ಟರಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದವು. ಅದಕ್ಕೇ ಲೆನಾಲಿಡೊಮೈಡ್‌ಗೆ ಇಷ್ಟು ಕಟ್ಟುನಿಟ್ಟು. ಕ್ಯಾಪ್ಸೂಲ್ ಬಿಚ್ಚಬಾರದು, ಅಗಿಯಬಾರದು, ಬಸುರಿ ಮುಟ್ಟಲೇಬಾರದು. ಗಂಡಸರ ವೀರ್ಯದಲ್ಲೂ ಔಷಧಿ ಇರುತ್ತದೆ. ಹಾಗಾಗಿ ಹೆಂಡತಿ ಬಸುರಿಯಾಗಿದ್ದರೆ, ಆಗುವ ವಯಸ್ಸಿನವಳಾಗಿದ್ದರೆ ಕಾಂಡೋಮ್ ಬೇಕು, ಔಷಧಿ ನಿಲ್ಲಿಸಿದ ಮೇಲೂ 4 ವಾರ. ಅಷ್ಟು ದಿನವೂ ರಕ್ತದಾನ ಇಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಆದರೆ ಮೊದಲ ದಿನ ಏನು ಮಾಡಿದ್ದೆ? ಹೆಂಡತಿಗೆ ಮುಟ್ಟು ನಿಂತು ಎಂಟು ವರ್ಷ ಅಂದರು. ಸರಿ ಬಿಡಿ ಎಂದು ಬಸಿರಿನ ಪುಟ ಮಗುಚಿ ಮುಂದಿನದಕ್ಕೆ ಹೋಗಿದ್ದೆ. ಗುಳಿಗೆ ನಿಮ್ಮ ಕೈಗೆ ಯಾರು ಕೊಡುತ್ತಾರೆ ಎಂದು ಕೇಳಲೇ ಇಲ್ಲ. ನಮ್ಮ ಕಡೆ ಮುದುಕರ ಔಷಧಿ ಸೊಸೆಯ ಕೈಯಲ್ಲೋ ಮಗಳ ಕೈಯಲ್ಲೋ ಇರುತ್ತದೆ, ಅಲ್ವಾ? ಪೊಟ್ಟಣದ ಮೇಲೆ ಎಚ್ಚರಿಕೆ ಇತ್ತು, ಇಂಗ್ಲಿಷಿನಲ್ಲಿ.

ಇವತ್ತಿನಿಂದ ಆ ಗುಳಿಗೆ ಮುಟ್ಟಬೇಡ, ಹೊರಡುವ ಮೊದಲು ಹೆರಿಗೆ ಡಾಕ್ಟರಿಗೆ ಎಲ್ಲ ಹೇಳು, ನಾನೂ ಜೊತೆಗೆ ಬರುತ್ತೇನೆ ಅಂದೆ. ಕೂಸಿಗೆ ಏನಾದರೂ ಆಗ್ಯಾದೇನ್ರಿ ಅಂತ ಕೇಳಿದಳು. ಏನೂ ಆಗಲ್ಲ ಅಂತ ನಾನು ಹೇಳಲಿಲ್ಲ. ನುಂಗಿದರೆ ಅಪಾಯ ಅನ್ನುವುದು ಗೊತ್ತಿದೆ, ಬೆರಳಿಗೆ ತಾಗಿದ್ದು ಎಷ್ಟು ಒಳಗೆ ಹೋಯಿತೆಂದು ಇಲ್ಲಿ ಕೂತು ಅಳೆಯಲಾಗದು, ಅದಕ್ಕೇ ಡಾಕ್ಟರು ಸ್ಕ್ಯಾನ್ ಮಾಡಿ ನೋಡಬೇಕು ಅಂದೆ. ಬಸುರಿಯನ್ನು ಸುಮ್ನೆ ಯಾಕೆ ಹೆದರಿಸಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವಳು ಹೆದರಿದ್ದು ನಿಜ. ಆದರೆ ಹೆದರಿಸಬಾರದೆಂದು ಬಾಯಿ ಮುಚ್ಚಿಕೊಂಡಿದ್ದರೆ ಮರುದಿನ ಬೆಳಿಗ್ಗೆ ಇನ್ನೊಂದು ಕ್ಯಾಪ್ಸೂಲ್ ಬಿಚ್ಚುತ್ತಿದ್ದಳು. ಗ್ಲೌಸ್ ಹಾಕಿಕೊಂಡು ಕೊಡಲಾ ಎಂದೂ ಕೇಳಿದಳು. ಬೇಡ ಅಂದೆ. ಬೇರೆ ಯಾರಾದರೂ ಎತ್ತಿಕೊಡುವುದಾದರೆ ಗ್ಲೌಸ್ ಸರಿ, ಬಸುರಿಗೆ ಆ ದಾರಿಯೂ ಬೇಡ.

ಅತ್ತೆ ಮಾವ ವಾಪಸ್ ಬಂದ ಮೇಲೆ, ಇನ್ನು ಮಾವನೇ ಗುಳಿಗೆ ತಗೊಳ್ಳಲಿ ಅಂದೆ. ಅತ್ತೆ ಒಪ್ಪಲಿಲ್ಲ. "ಸೊಸಿ ಮನ್ಯಾಗಿದ್ದು ಮಾವ ತಾನೇ ಗುಳಿಗಿ ತಗೊಂಡ್ರ ಮಂದಿ ಏನಂತಾರ್ರೀ?"

ಇಲ್ಲಿ ನಾನು ಸ್ವಲ್ಪ ಗಡುಸಾಗಿಯೇ ಮಾತಾಡಿದೆ. ಇಷ್ಟು ವರ್ಷ ತೊಗರಿ ರಾಶಿ ಮಾಡಿದ ಕೈಗೆ ಒಂದು ಪಟ್ಟಿಯಿಂದ ಗುಳಿಗೆ ಒತ್ತಿ ತೆಗೆಯಲು ಬರುವುದಿಲ್ಲವೇ ಎಂದು ಮಾವನನ್ನೇ ಕೇಳಿದೆ. ಅವರು ನಕ್ಕರು. ಕಷ್ಟ ಇದ್ದದ್ದು ನುಂಗುವುದರಲ್ಲಿ. ಬಸ್ಸಿನ ಗಡಿಬಿಡಿಯಲ್ಲಿ ಬೆಳಗಿನ ಗ್ಯಾಸಿನ ಕ್ಯಾಪ್ಸೂಲ್ ಜೇಬಿನಲ್ಲೇ ಉಳಿದಿತ್ತು. ಅದನ್ನೂ ಬಿಚ್ಚಿಯೇ ಕುಡಿಯುತ್ತಿದ್ದರಂತೆ. ಅದರಲ್ಲೇ ಕಲಿಸಿದೆ. ಜನ ತಲೆ ಹಿಂದಕ್ಕೆ ಎತ್ತಿ ನೀರು ಸುರಿದುಕೊಳ್ಳುತ್ತಾರೆ. ಕ್ಯಾಪ್ಸೂಲ್ ಹಗುರ, ತೇಲಿ ಹಲ್ಲಿನ ಕಡೆ ಬರುತ್ತದೆ. ನೆಟ್ಟಗೆ ಕೂತು, ಬಾಯಿತುಂಬ ನೀರು ತಗೊಂಡು, ಗದ್ದ ಎದೆ ಕಡೆ ಬಗ್ಗಿಸಿ ನುಂಗಿ ಅಂದೆ. ಮೊದಲ ಸಲ ಕ್ಯಾಪ್ಸೂಲ್ ಅಂಗೈಗೇ ಬಂತು. ಎರಡನೇ ಸಲ ಇಳಿಯಿತು. "ಹೋಯ್ತೇನ?" ಅಂತ ಹೆಂಡತಿಯನ್ನೇ ಕೇಳಿದರು.

ಉಳಿದದ್ದು ಬೇಗ ಹೇಳಿದೆ. ಒಂದು ಹೊತ್ತು ಮರೆತರೆ 12 ತಾಸಿನೊಳಗೆ ನೆನಪಾದರೆ ತಗೊಳ್ಳಿ, ಅದು ದಾಟಿದರೆ ಬಿಡಿ, ಮರುದಿನ ಎರಡು ನುಂಗಬೇಡಿ. ಜ್ವರ 100.4 ದಾಟಿದರೆ, ಒಂದೇ ಕಾಲು ಬಾತು ನೋಯುತ್ತಿದ್ದರೆ, ದಮ್ಮು ಹತ್ತಿದರೆ ಅದೇ ದಿನ ದವಾಖಾನೆಗೆ ಬನ್ನಿ. ನೋವಿಗೆ ಅಂಗಡಿ ಗುಳಿಗೆ ಬೇಡ, ಈ ಕಾಯಿಲೆಯಲ್ಲಿ ಮೂತ್ರಪಿಂಡ ಮೊದಲೇ ನಾಜೂಕು. ಉಳಿದ ಗುಳಿಗೆ ತಿಪ್ಪೆಗೆ ಎಸೆಯದೆ ವಾಪಸ್ ತನ್ನಿ. ಪುಡಿ ತಾಗಿದ ಬಟ್ಟಲನ್ನು ಮಗ ಸಾಬೂನು ಹಚ್ಚಿ ತೊಳೆಯಲಿ.

ಮುಂದಿನ ಸಲ ರೋಗಿ ಮಗನ ಜೊತೆ ಬಂದರು. ಅದೇ ಕ್ಯಾಲೆಂಡರ್. ಹಸಿರು ಗುರುತುಗಳು ಒಂದು ಕಡೆ ನಿಂತು, ಅಲ್ಲಿಂದ ಮುಂದೆ ದಪ್ಪ ಸೊಟ್ಟ ಗೆರೆಗಳು. ಒಂದು ಗೆರೆಯಂತೂ ಪಕ್ಕದ ದಿನಕ್ಕೂ ಹೋಗಿತ್ತು. ಬಿಡುವಿನ ಏಳು ದಿನ ಖಾಲಿಯೇ ಇತ್ತು. ಮುಂದಿನ ಪುಟದಲ್ಲಿ ಒಂದು ದಿನಕ್ಕೆ ಅದೇ ಸೊಟ್ಟ ಕೈಯ ದೊಡ್ಡ ಸುತ್ತು. ಗುರುವಾರ ಅಲ್ಲವಲ್ಲ, ಇದೇನು ಎಂದು ಕೇಳಿದೆ.

"ಅದು ನಂದಲ್ರಿ," ಅಂದರು. "ಸೊಸಿ ಸ್ಕ್ಯಾನಿಂಗದು."