ಐವತ್ತೈದು ದಾಟಿದ ಹೆಂಗಸು ಕುದುರೆ ಸವಾರಿ ಕಲಿಯಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 56, ಎಡ ಮಂಡಿಯಲ್ಲಿ ನೋವು, ಚಿಕ್ಕಂದಿನಿಂದಲೂ ಕುದುರೆಯ ಆಸೆ. ಮನೆಯಲ್ಲಿ ಬಾಯಿಬಿಟ್ಟು ಹೇಳಿದಾಗ "ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ನಿನಗೆ ನಾಲ್ಕು ವರ್ಷ ಮೊದಲೇ ಬಂತೇ?" ಎಂದು ನಕ್ಕರು ಎಂದು ಬರೆದಿದ್ದೀರಿ. ಆ ನಗು ನನ್ನ ಮನೆಯಲ್ಲೂ ಕೇಳಿಸಿತ್ತು. ಕಲಿಯಬಹುದು. ನಾನು ಶುರು ಮಾಡಿದಾಗ ನನಗೆ 58, ಈಗ 63. ವಾರದಲ್ಲಿ ಎರಡು ದಿನ ಬೆಳಿಗ್ಗೆ ಆರೂವರೆಗೆ ಲಾಯದಲ್ಲಿರುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಜಂಬೂ ಸವಾರಿಯ ದಿನ ಎಲ್ಲರೂ ಅಂಬಾರಿಗಾಗಿ ಕಾಯುತ್ತಿದ್ದರೆ ನಾನು ಅಶ್ವಾರೋಹಿ ಪೊಲೀಸರಿಗಾಗಿ ಕಾಯುತ್ತಿದ್ದೆ. ಸಯ್ಯಾಜಿರಾವ್ ರಸ್ತೆಯ ಡಾಂಬರಿನ ಮೇಲೆ ಲಾಳಗಳ ಸದ್ದು ದೂರದಿಂದ ಕೇಳಿಸಿದ ಕೂಡಲೇ ಅಪ್ಪನ ಹೆಗಲ ಮೇಲೆ ಎದ್ದು ಕೂರುತ್ತಿದ್ದೆ. ಆಮೇಲೆ ಓದು, ಮದುವೆ, ಮಕ್ಕಳು, 34 ವರ್ಷ ಬ್ಯಾಂಕಿನ ಕೌಂಟರ್. ಆಸೆ ಎಲ್ಲಿಗೂ ಹೋಗಿರಲಿಲ್ಲ.

ನನ್ನ ಮೊದಲ ತರಗತಿ ಹೇಗಿತ್ತೆಂದು ಹೇಳಿಬಿಡುತ್ತೇನೆ, ನಿಮ್ಮದು ಹಾಗಾಗಬಾರದು. ಎತ್ತರದ ಕಂದು ಗಂಡು ಕುದುರೆ. ರಿಕಾಪು, ಅಂದರೆ ಜೀನಿನಿಂದ ಇಳಿಬಿದ್ದಿರುವ, ಪಾದ ಇಡುವ ಬಳೆ, ನನ್ನ ಸೊಂಟದ ಮಟ್ಟಕ್ಕಿತ್ತು. "ಮೆಟ್ಟಿಲೋ ಸ್ಟೂಲೋ ಇದೆಯೇ?" ಎಂದು ಕೇಳಿದೆ. "ನೆಲದಿಂದ ಹತ್ತಲು ಆಗದವರು ಸವಾರಿಗೆ ಬರಬಾರದು" ಎಂದ ಆ ಶಾಲೆಯ ತರಬೇತುದಾರ. ಅವಮಾನ ನುಂಗಿಕೊಂಡು ಎಡಗಾಲು ಎತ್ತಿ ರಿಕಾಪಿಗೆ ಸಿಕ್ಕಿಸಿದೆ, ಬಲಗಾಲಿನಲ್ಲಿ ಕುಪ್ಪಳಿಸಿದೆ, ಅರ್ಧ ಏರಿ ಜೀನಿಗೆ ಜೋತುಬಿದ್ದೆ. ಜೀನು ನನ್ನ ಕಡೆಗೆ ವಾಲಿತು. ಕುದುರೆ ಕಿವಿಗಳನ್ನು ಹಿಂದಕ್ಕೆ ಮಡಚಿ ಪಕ್ಕಕ್ಕೆ ಸರಿಯಿತು. ಮಂಡಿ ಊದಿಕೊಂಡು ಮೂರು ವಾರ ಮನೆಯಲ್ಲಿ ಕೂತೆ.

ತಪ್ಪು ನನ್ನ ವಯಸ್ಸಿನದಲ್ಲ ಎಂದು ತಿಳಿದದ್ದು ಎರಡನೆಯ ಶಾಲೆಗೆ ಹೋದ ಮೇಲೆ. ಅಲ್ಲಿ ಮೂರು ಮೆಟ್ಟಿಲಿನ ಮರದ ಪೀಠವಿತ್ತು. ಹದಿನೈದು ವರ್ಷದ ಹುಡುಗರೂ ಅದರ ಮೇಲಿಂದಲೇ ಹತ್ತುತ್ತಿದ್ದರು. ಸೇನೆಯಿಂದ ನಿವೃತ್ತರಾಗಿ ಬಂದಿದ್ದ ಅಲ್ಲಿನ ಗುರುಗಳು ಕಾರಣ ಬಿಡಿಸಿ ಹೇಳಿದರು. ನೆಲದಿಂದ ಹತ್ತುವಾಗ ನಮ್ಮ ಇಡೀ ಭಾರ ಒಂದೇ ರಿಕಾಪಿನ ಮೇಲೆ ಬೀಳುತ್ತದೆ, ಜೀನು ಒಂದು ಕಡೆಗೆ ಎಳೆದು ಕುದುರೆಯ ಹೆಗಲಿನ ದಿಣ್ಣೆಯನ್ನು, ಬೆನ್ನನ್ನು ಒತ್ತುತ್ತದೆ. ಮೆಟ್ಟಿಲು ಕುದುರೆಗೂ ಬೇಕಾದದ್ದು. ಅಂದಿನಿಂದ ಅದನ್ನು ಕೇಳಲು ನನಗೆ ಸಂಕೋಚವಿಲ್ಲ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಹೆಸರು ನೀವು ಕೇಳಿರಲಿಕ್ಕಿಲ್ಲ. 1944ರಲ್ಲಿ, ಬಸುರಿಯಾಗಿದ್ದಾಗ, ಆಕೆಗೆ ಪೋಲಿಯೊ ತಗುಲಿತು. ಮಂಡಿಯ ಕೆಳಗೆ ಕಾಲುಗಳಲ್ಲಿ ಬಲ ಉಳಿಯಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರಿಗೆ ಡ್ರೆಸಾಜ್‌ನಲ್ಲಿ, ಅಂದರೆ ಕುದುರೆಯನ್ನು ಹದವರಿತು ನಡೆಸುವ ಸ್ಪರ್ಧೆಯಲ್ಲಿ, ಗಂಡಸರ ಜೊತೆ ಇಳಿಯಲು ಅವಕಾಶ ಸಿಕ್ಕಿತು. ಆಕೆಯನ್ನು ಬೇರೆಯವರು ಕುದುರೆಗೆ ಹತ್ತಿಸಬೇಕಿತ್ತು, ಇಳಿಸಬೇಕಿತ್ತು. ಬೆಳ್ಳಿ ಪದಕ ಗೆದ್ದರು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ. ನಮಗೆ ಮೆಟ್ಟಿಲು ಬೇಕೆಂದು ಕೇಳುವುದು ಯಾವ ಕೊರತೆಯೂ ಅಲ್ಲ. ಇನ್ನು ವಯಸ್ಸಿನ ಮಾತು: ಬ್ರಿಟನ್ನಿನ ಲೋರ್ನಾ ಜಾನ್‌ಸ್ಟೋನ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇದೇ ಸ್ಪರ್ಧೆಗೆ ಇಳಿದಾಗ ಆಕೆಗೆ 70 ತುಂಬಿ ಕೆಲವೇ ದಿನಗಳಾಗಿದ್ದವು. ಅವರಿಬ್ಬರೂ ವರ್ಷಗಟ್ಟಲೆ ಸವಾರಿ ಮಾಡಿದವರು, ನಾವು ಹೊಸಬರು, ನಿಜ. ಆದರೆ ಈ ಕೆಲಸಕ್ಕೆ ಬೇಕಾದದ್ದು ತೋಳ್ಬಲವಲ್ಲ ಎಂಬುದಕ್ಕೆ ಇವರಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಹೋಗುವ ಮುಂಚೆ ವೈದ್ಯರನ್ನು ಕಾಣಿ. ಮುಟ್ಟು ನಿಂತ ಮೇಲೆ ನಮ್ಮ ಮೂಳೆಗಳು ಬೇಗ ಸವೆಯುತ್ತವೆ, ಹಾಗಾಗಿ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿಕೊಳ್ಳಿ. ಫಲಿತಾಂಶ ಚೆನ್ನಾಗಿಲ್ಲದಿದ್ದರೆ ಹಟ ಹಿಡಿಯಬೇಡಿ, ಮೊದಲು ಚಿಕಿತ್ಸೆ. ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಕುದುರೆ ಟ್ರಾಟ್‌ಗೆ, ಅಂದರೆ ಕುಲುಕಾಡಿಸುವ ಆ ಓಟಕ್ಕೆ ಬಂದಾಗ, ಹೆತ್ತ ಹೆಂಗಸರಲ್ಲಿ ಎಷ್ಟೋ ಜನರಿಗೆ ಮೂತ್ರ ಜಾರುತ್ತದೆ. ನನಗೂ ಆಗಿತ್ತು. ನಾಚಿಕೆಯಿಂದ ಎರಡು ತಿಂಗಳು ಬಿಟ್ಟೇಬಿಟ್ಟಿದ್ದೆ. ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು. ಬಿಡದೆ ಮಾಡಿದೆ, ಬಹಳ ಮಟ್ಟಿಗೆ ಸರಿಹೋಯಿತು. ಜೊತೆಗೆ ಕುರ್ಚಿಯಲ್ಲಿ ಕೂತು ಕೂತು ಬಿಗಿದುಕೊಂಡಿರುವ ತೊಡೆಸಂದನ್ನು ಸಡಿಲಿಸಲು ದಿನಾ ಬದ್ಧಕೋನಾಸನ ಮಾಡಿ. ಕುದುರೆಯ ಮೇಲೆ ನಾವು ತೊಡೆಯಿಂದ ಬಿಗಿಹಿಡಿಯುವುದಿಲ್ಲ, ಒದ್ದೆ ಬಟ್ಟೆಯಂತೆ ಇಳಿಬಿಡುತ್ತೇವೆ. ಅದು ಬರಲು ನನಗೆ ಒಂದು ವರ್ಷ ಹಿಡಿಯಿತು.

ಈಗ ಗೌರಿಯ ವಿಷಯ. ನಾನು ಸವಾರಿ ಮಾಡುವ ಬೂದು ಬಣ್ಣದ ಹೆಣ್ಣು ಕುದುರೆ ಅವಳು, 19 ವರ್ಷ, ಒಂದು ಕಾಲದಲ್ಲಿ ರೇಸಿನಲ್ಲಿ ಓಡಿದವಳು. ಬೆಳಿಗ್ಗೆ ನಾನು ಹೋಗಿ ಅವಳ ಎಡ ಹೆಗಲಿನ ಬಳಿ ನಿಂತು ಮಾತಾಡಿಸುತ್ತೇನೆ. ಕುದುರೆಗೆ ಮೂತಿಯ ನೇರ ಮುಂದೆ, ಬಾಲದ ನೇರ ಹಿಂದೆ ಇರುವುದು ಕಾಣುವುದಿಲ್ಲ, ಹಿಂದಿನಿಂದ ಎಂದೂ ಹೋಗಬೇಡಿ. ಬ್ರಷ್ ಹಾಕುತ್ತೇನೆ. ಮುಂಗಾಲಿನ ಹಿಂಬದಿಯಲ್ಲಿ ಕೈಯನ್ನು ಕೆಳಕ್ಕೆ ಜಾರಿಸಿದರೆ ತಾನೇ ಗೊರಸು ಎತ್ತಿ ನನ್ನ ಅಂಗೈಗೆ ಕೊಡುತ್ತಾಳೆ. ಅದರಲ್ಲಿ ಕಚ್ಚಿಕೊಂಡ ಮಣ್ಣು, ಕಲ್ಲುಗಳನ್ನು ಕೊಕ್ಕೆಯಿಂದ ತೆಗೆಯುತ್ತೇನೆ. ಸುಮಾರು 450 ಕೆ.ಜಿ. ತೂಗುವ ಪ್ರಾಣಿ ತನ್ನ ಕಾಲನ್ನು ನಂಬಿ ನನ್ನ ಕೈಗಿಡುವಾಗ ಈಗಲೂ ನನ್ನ ಕಣ್ಣು ಒದ್ದೆಯಾಗುತ್ತದೆ.

ಒಂದು ಚಳಿಗಾಲದ ಬೆಳಿಗ್ಗೆ ಗುರುಗಳು "ಇವತ್ತು ಲಗಾಮು ಎಳೆಯದೆ ನಿಲ್ಲಿಸಿ" ಎಂದರು. ಹೇಗೆ ಎಂದೆ. "ಬೆನ್ನು ನೆಟ್ಟಗಿರಲಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ, ಜೀನಿನೊಳಗೆ ಕೂತುಬಿಡಿ." ಉಸಿರು ಬಿಟ್ಟೆ. ಗೌರಿಯ ಒಂದು ಕಿವಿ ನನ್ನ ಕಡೆಗೆ ತಿರುಗಿತು. ಎರಡು ಹೆಜ್ಜೆ ಇಟ್ಟಳು, ನಿಂತಳು. ಅಷ್ಟೇ. ಮನೆಯಲ್ಲಿ, ಬ್ಯಾಂಕಿನಲ್ಲಿ ಜೀವಮಾನವೆಲ್ಲ ಒಂದು ಮಾತನ್ನು ನಾಲ್ಕು ಸಲ ಹೇಳಿ ಅಭ್ಯಾಸವಾಗಿದ್ದ ನನಗೆ, ಹೊರಬಿಟ್ಟ ಒಂದು ಉಸಿರನ್ನು ಇನ್ನೊಂದು ಜೀವ ಕೇಳಿಸಿಕೊಂಡಿತು ಎಂಬುದನ್ನು ನಂಬಲು ಹೊತ್ತು ಹಿಡಿಯಿತು.

ಬಿದ್ದಿದ್ದೀರಾ ಎಂದು ಎಲ್ಲರೂ ಕೇಳುತ್ತಾರೆ. ಒಮ್ಮೆ ಬಿದ್ದಿದ್ದೇನೆ. ಬೇಲಿಯ ಪೊದೆಯಿಂದ ನವಿಲು ಹಾರಿತು, ಗೌರಿ ಪಕ್ಕಕ್ಕೆ ಜಿಗಿದಳು, ನಾನು ನೆಲದಲ್ಲಿದ್ದೆ. ಬಲ ಮಣಿಕಟ್ಟಿನಲ್ಲಿ ಸಣ್ಣ ಬಿರುಕು, ಐದು ವಾರ ಪಟ್ಟಿ. ಹೆಲ್ಮೆಟ್ ನೆಲಕ್ಕೆ ಬಡಿದಿತ್ತು, ತಲೆಗೆ ಏನೂ ಆಗಲಿಲ್ಲ. ಹಾಗೆ ಬಡಿದ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಳ್ಳಬಾರದು, ಬಿಸಾಡಿದೆ. ಅಪಾಯವೇ ಇಲ್ಲ ಎಂದು ನಿಮಗೆ ಸುಳ್ಳು ಹೇಳಲಾರೆ. ಬೈಕಿನ ಹೆಲ್ಮೆಟ್ ಬೇಡ, ಸವಾರಿಗೆಂದೇ ಇರುವುದನ್ನು ಕೊಳ್ಳಿ, ಗಲ್ಲದ ಪಟ್ಟಿ ಕಟ್ಟಿಕೊಳ್ಳಿ. ಸಣ್ಣ ಹಿಮ್ಮಡಿಯಿರುವ ಬೂಟು ಬೇಕು. ಹಿಮ್ಮಡಿ ಇಲ್ಲದಿದ್ದರೆ ಪಾದ ರಿಕಾಪಿನೊಳಗೆ ತೂರಿ ಸಿಕ್ಕಿಕೊಳ್ಳುತ್ತದೆ, ಬಿದ್ದಾಗ ಕುದುರೆ ಎಳೆದುಕೊಂಡು ಹೋಗುತ್ತದೆ. ಸಲ್ವಾರ್, ದುಪಟ್ಟಾ ಬೇಡವೇ ಬೇಡ.

ತೂಕದ ಬಗ್ಗೆಯೂ ಕೇಳಿದ್ದೀರಿ. ಸವಾರ ಮತ್ತು ಜೀನಿನ ಒಟ್ಟು ಭಾರ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಎಂಬ ಲೆಕ್ಕವನ್ನು ಅನೇಕ ಕಡೆ ಪಾಲಿಸುತ್ತಾರೆ. ಗೌರಿಯಂಥ ಕುದುರೆಗೆ 90 ಕೆ.ಜಿ. ಎಂದಾಯಿತು. ನೀವು ಬರೆದಿರುವ ತೂಕಕ್ಕೆ ಚಿಂತೆಯಿಲ್ಲ.

ಅಮೆರಿಕದ ಡ್ರೆಸಾಜ್ ಫೌಂಡೇಶನ್ 1996ರಲ್ಲಿ ಸೆಂಚುರಿ ಕ್ಲಬ್ ಎಂದು ಶುರು ಮಾಡಿತು. ಸವಾರ ಮತ್ತು ಕುದುರೆಯ ವಯಸ್ಸು ಸೇರಿ ನೂರಾದರೆ ಆ ಜೋಡಿಗೆ ಅಲ್ಲಿ ಗೌರವ. ನಾನೂ ಗೌರಿಯೂ ಸೇರಿ ಈಗ 82. ಇದನ್ನು ನಮ್ಮ ಲಾಯದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ, ವರ್ಷಕ್ಕೊಮ್ಮೆ ಎರಡು ಕೂಡಿಸಿ ತಿದ್ದುತ್ತೇನೆ.

ಶಾಲೆಗೆ ಫೋನ್ ಮಾಡಿದಾಗ ಶುಲ್ಕ ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಹತ್ತಲು ಮೆಟ್ಟಿಲಿದೆಯೇ? ಹೊಸಬರಿಗೆ ವಯಸ್ಸಾದ, ಶಾಂತವಾದ ಕುದುರೆ ಕೊಡುತ್ತೀರಾ? ಮೊದಲ ಕೆಲವು ತರಗತಿ ಉದ್ದ ಹಗ್ಗ ಹಿಡಿದು, ಗುರುಗಳ ಕಣ್ಣೆದುರೇ ಸುತ್ತು ಹಾಕಿಸುತ್ತೀರಾ? ಯಾವುದಕ್ಕಾದರೂ ನಕ್ಕರೆ ಫೋನ್ ಇಟ್ಟು ಬೇರೆ ಕಡೆ ವಿಚಾರಿಸಿ. ನಿಮ್ಮ ಊರು ಯಾವುದೆಂದು ಬರೆದಿಲ್ಲ. ಮೈಸೂರಿನ ಸುತ್ತಮುತ್ತ ಆಗಿದ್ದರೆ ತಿಳಿಸಿ. ಮೊದಲ ದಿನ ನಾನು ಜೊತೆಗೆ ಬರುತ್ತೇನೆ, ನೀವು ಹತ್ತುವವರೆಗೆ ಗೌರಿಯ ಲಗಾಮು ಹಿಡಿದು ನಿಂತಿರುತ್ತೇನೆ.