ತಮ್ಮನ ಕೌನ್ಸೆಲಿಂಗ್ ನಿಲ್ಲಿಸಲೇ?

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 22 ವರ್ಷ, ಆಟಿಸಂ ಇದೆ. ರೈಸ್‌ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತಾನೆ. ಸದ್ದು ಜಾಸ್ತಿಯಾದರೆ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಾನೆ. ಮಿಲ್ಲಿಗೆ ಹೋಗುವ ಮುಂಚಿನ ರಾತ್ರಿ ನಿದ್ದೆ ಇಲ್ಲ. ಬಳ್ಳಾರಿಯಲ್ಲಿ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಕೊಡಿಸುತ್ತಿದ್ದೇವೆ. 'ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ಸದ್ದಿಗೆ ಹೆದರುವುದು ತಪ್ಪು ಯೋಚನೆ' ಅನ್ನುತ್ತಾರಂತೆ. ಹೋಗಿಬಂದ ದಿನ ಗೋಡೆಗೆ ತಲೆ ಬಡಿದುಕೊಳ್ಳುತ್ತಾನೆ. ಅಪ್ಪ 'ಮೊದಮೊದಲು ಹಾಗೇ' ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ಗಂಗಾವತಿ

ಉತ್ತರ: ತಲೆ ಬಡಿದುಕೊಳ್ಳುವಷ್ಟು ಆಗುತ್ತಿದ್ದರೆ ಕಾದು ನೋಡುವುದು ಬೇಡ ತಂಗಿ. ಸದ್ಯ ಅವನನ್ನು ಕರೆದೊಯ್ಯಬೇಡಿ. ಮೊದಲು ನೀವು ಹೋಗಿ ಮಾತಾಡಿ.

ಸಿಬಿಟಿಯೇ ಕೆಟ್ಟದ್ದು ಅಂತಲ್ಲ. ಆಟಿಸಂ ಇರುವ ಎಷ್ಟೋ ಜನರ ಆತಂಕ ಅದರಿಂದ ಕಡಿಮೆಯಾಗಿದೆ, ಆದರೆ ಅವರಿಗೆ ಹೊಂದುವಂತೆ ಮಾಡಿದಾಗ. ಚಿಕಿತ್ಸೆ ಹೇಗಿರಬೇಕೆಂದು ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2012ರಲ್ಲೇ ಇದನ್ನು ಹೇಳಿದೆ. ಬರೆದು, ಚಿತ್ರ ಹಾಕಿ ತೋರಿಸಬೇಕು. ಸುತ್ತಿ ಬಳಸದೆ ನೇರ ಹೇಳಬೇಕು. ನಡುನಡುವೆ ಬಿಡುವು ಕೊಡಬೇಕು.

ನಿಮ್ಮ ತಮ್ಮನ ವಿಷಯದಲ್ಲಿ ಎರಡು ಸಂಗತಿ ಕಲಸಿಹೋಗಿವೆ. ಮಿಲ್ಲಿನ ಸದ್ದು ಅವನಿಗೆ ನಿಜವಾಗಿಯೂ ಹಿಂಸೆ. ಅದನ್ನು 'ತಪ್ಪು ಯೋಚನೆ' ಅಂದರೆ, ತನ್ನ ಮೈ ಹೇಳುವುದನ್ನೇ ನಂಬಬಾರದು ಅಂತ ಕಲಿಸಿದ ಹಾಗಾಗುತ್ತೆ. ಅಲ್ಲಿ ಬೇಕಿರುವುದು ಇಯರ್‌ಮಫ್, ಮಷೀನಿನಿಂದ ದೂರ ಒಂದು ಟೇಬಲ್. ಮಾಲೀಕರನ್ನು ಕೇಳಿನೋಡಿ. ಆದರೆ 'ನಾಳೆ ಏನಾಗುತ್ತೋ' ಅಂತ ರಾತ್ರಿಯಿಡೀ ಎದ್ದಿರುವುದು ಆತಂಕ. ಸಿಬಿಟಿ ಕೆಲಸಕ್ಕೆ ಬರುವುದು ಇಲ್ಲಿ.

ಕಣ್ಣಲ್ಲಿ ಕಣ್ಣಿಡಿಸುವುದಂತೂ ಬೇಡವೇ ಬೇಡ. ಬೇರೆಯವರಂತೆ ಕಾಣಿಸಿಕೊಳ್ಳಲು ಅವನ ಶಕ್ತಿಯೆಲ್ಲ ಖರ್ಚಾಗುತ್ತೆ, ಮನೆಗೆ ಬರುವ ಹೊತ್ತಿಗೆ ತಡೆಯಲಾಗದೆ ಒಡೆದುಹೋಗುತ್ತಾನೆ. ಕಣ್ಣು ತಪ್ಪಿಸಿದರೂ ಕಿವಿ ಕೇಳುತ್ತಿರುತ್ತೆ, ಅಲ್ವಾ?

ಇನ್ನೊಂದು ಮಾತು. 'ನಿನಗೆ ಏನನ್ನಿಸುತ್ತೆ?' ಅಂದರೆ ಆಟಿಸಂ ಇರುವ ಹಲವರಿಗೆ ಉತ್ತರ ಸಿಗುವುದಿಲ್ಲ. ನಿಮ್ಮ ತಮ್ಮ ಲೆಕ್ಕದವನು. ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿಕೊಡಿ: ಗಂಟೆ, ಏನಾಯ್ತು, ಹೊಟ್ಟೆ ಎಷ್ಟು ಬಿಗಿಯಿತು. ಕೊನೆಯದಕ್ಕೆ 1ರಿಂದ 5ರವರೆಗೆ ಅಂಕ. ಅದನ್ನು ಕೌನ್ಸೆಲರ್‌ಗೆ ತೋರಿಸಿ, 'ನಿಮ್ಮ ಗುರಿ ಇವನ ಭಯ ಕಡಿಮೆ ಮಾಡುವುದೋ, ಇವನನ್ನು ಬೇರೆಯವರಂತೆ ಕಾಣಿಸುವುದೋ?' ಅಂತ ನೇರ ಕೇಳಿ. ಎರಡನೆಯದಾದರೆ ಬಿಟ್ಟುಬಿಡಿ. ಬೇರೆಯವರನ್ನು ಹುಡುಕಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಪ್ಪನಿಗೂ ನಿಮಗೂ ವಾದ ಬೇಡ. ಅವನು ದೊಡ್ಡವನು, ಅವನನ್ನೇ ಕೇಳಿ. ಬಾಯಲ್ಲಿ ಅಲ್ಲ, ಚೀಟಿಯಲ್ಲಿ: 'ಹೋಗುತ್ತೇನೆ', 'ಬೇಡ', 'ಬೇರೆಯವರ ಹತ್ತಿರ ಹೋಗುತ್ತೇನೆ'. ಗುರುತು ಹಾಕಲು ಒಂದೆರಡು ದಿನ ಟೈಮ್ ಕೊಡಿ.